ಕೂಸಪ್ಪ ಮಾತಾಡಿಸದೆ ಹೋದದ್ದು

ನವೆಂಬರಿನ ಒಂದು ಬೆಳಿಗ್ಗೆ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಬೆಳ್ತಂಗಡಿ ಬಸ್ಸಿನಿಂದ ಇಳಿದ ಕೂಸಪ್ಪ, ಮಹಮ್ಮದ್ ಕುಂಞಿಯ ಪಕ್ಕದಿಂದಲೇ, ಕೈಚಾಚಿದರೆ ಭುಜ ತಾಗುವಷ್ಟು ಹತ್ತಿರದಿಂದ, ಒಂದು ಮಾತೂ ಆಡದೆ ದಾಟಿ ಹೋದ.

ಕುಂಞಿ ನಗುತ್ತಾ ನಿಂತಿದ್ದ. ಅವನೇ ನೋಡಲಿ, ನೋಡಿ 'ಓ ಕುಂಞಿಚ್ಚ' ಎನ್ನಲಿ ಎಂದು ಕಾದಿದ್ದ. ಕೂಸಪ್ಪ ಎದುರಿಗೆ ದಿಟ್ಟಿಸಿಕೊಂಡೇ ನಡೆದು ಮಂಗಳೂರು ಬಸ್ಸು ಹತ್ತಿದ. ಕುಂಞಿಯೂ ಅದೇ ಬಸ್ಸಿಗೆ ಹೋಗಬೇಕಿತ್ತು. ಹತ್ತಲಿಲ್ಲ. ಕಬ್ಬಿನ ಹಾಲಿನ ಅಂಗಡಿಯವನು ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ, ಕರ್ಚೀಫು ತೆಗೆದು ಬೆವರು ಒರೆಸಿಕೊಂಡಂತೆ ಮಾಡಿದ.

ಕುಂಞಿಗೆ ಅರುವತ್ತೊಂದು. ದುಬೈ ಬಂದರಿನಲ್ಲಿ ಹಡಗುಗಳಿಗೆ ತರಕಾರಿ ಒದಗಿಸುವ ಕಂಪೆನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವನು. ಈಗ ಪಾಣೆಮಂಗಳೂರಿನಲ್ಲಿ ಹಗ್ಗ, ಬಕೆಟು, ಟರ್ಪಾಲಿನ ಅಂಗಡಿ. ಅಲ್ಲಿದ್ದಾಗ ಎಷ್ಟೋ ಪ್ರವಾಸಿ ಹಡಗುಗಳ ಅಡುಗೆಮನೆ ಬಾಗಿಲಿನ ತನಕ ಟೊಮೆಟೊ ಪೆಟ್ಟಿಗೆ ಹೊತ್ತಿದ್ದ. ಒಮ್ಮೆಯೂ ಮೇಲಿನ ಅಂತಸ್ತು ನೋಡಿರಲಿಲ್ಲ. ಊರಿಗೆ ಬಂದ ಮೇಲೆ, ನವೆಂಬರಿನಿಂದ ಎಪ್ರಿಲಿನವರೆಗೆ ಮಂಗಳೂರಿಗೂ ಅಂಥ ಹಡಗುಗಳು ಬರುತ್ತವೆ ಎಂದು ಗೊತ್ತಾಗಿ ಪಣಂಬೂರು ಬೀಚಿಗೆ ಹೋಗಿ ನೋಡಲು ಶುರುಮಾಡಿದ. ಒಂಬತ್ತು ವರ್ಷದ ಹಿಂದೆ ಅಲ್ಲೇ ಮರಳಿನ ಮೇಲೆ ಒಬ್ಬ ಮನುಷ್ಯ ಲುಂಗಿ ಎತ್ತಿಕಟ್ಟಿಕೊಂಡು, ಬೈನಾಕ್ಯುಲರ್ ಹಿಡಿದು, ತನ್ನಷ್ಟಕ್ಕೆ ಅಂತಸ್ತುಗಳನ್ನು ಎಣಿಸುತ್ತಿದ್ದ. ಅವನೇ ಕೂಸಪ್ಪ. ವೇಣೂರಿನಿಂದ ಎರಡು ಮೈಲು ಒಳಗೆ ಮುನ್ನೂರು ರಬ್ಬರ್ ಮರ, ಸ್ವಲ್ಪ ಗದ್ದೆ ಇದ್ದ ಕೃಷಿಕ. ಸಮುದ್ರಕ್ಕೂ ಅವನಿಗೂ ಬೇರೆ ಯಾವ ಸಂಬಂಧವೂ ಇರಲಿಲ್ಲ.

"ಹನ್ನೊಂದು ಮಾಳಿಗೆ ಉಂಟು," ಎಂದಿದ್ದ ಅವನು, ಗುರುತಿಲ್ಲದ ಕುಂಞಿಯ ಹತ್ತಿರ.

"ಹನ್ನೆರಡು. ಕೆಳಗಿನದ್ದು ನೀರಿನ ಮಟ್ಟದಲ್ಲಿರ್ತದೆ, ನೀವು ಅದನ್ನು ಬಿಟ್ಟಿರಿ," ಎಂದಿದ್ದ ಕುಂಞಿ.

ಅಲ್ಲಿಂದ ಶುರುವಾದದ್ದು. ಮೂಡುಬಿದಿರೆಯ ನಿವೃತ್ತ ಮಾಸ್ಟ್ರು ಪದ್ಮಯ್ಯ ಆಮೇಲೆ ಸೇರಿಕೊಂಡರು. ಹಡಗಿನ ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾವಿರ ಕಂಬದ ಬಸದಿಗೆ ಕರೆತರುವ ದಿನ ಅವರು ಬಾಗಿಲಲ್ಲಿ ನಿಂತು, ಹಡಗಿನ ಆ ದಿನದ ಕಾರ್ಯಕ್ರಮದ ಹಾಳೆ ಕೇಳಿ ಪಡೆಯುತ್ತಿದ್ದರು; ಏನು ಊಟ, ಯಾವ ಹಾಡು, ಸೂರ್ಯ ಮುಳುಗುವುದು ಎಷ್ಟು ಗಂಟೆಗೆ ಎಲ್ಲ ಅದರಲ್ಲಿ ಇರುತ್ತಿತ್ತು. ವಿಟ್ಲ, ಉಜಿರೆ ಕಡೆಯವರೂ ಕೂಡಿ ವಾಟ್ಸಾಪ್ ಗುಂಪಿನಲ್ಲಿ ಹನ್ನೊಂದು ಜನ ಆದರು. ಹಡಗಿನ ಮಾತು ಹಡಗಿಗೇ ನಿಲ್ಲಲಿಲ್ಲ. ಕುಂಞಿಯ ಹೆಂಡತಿ ರಹ್ಮತ್‌ಗೆ ಆಪರೇಷನ್ ಆದಾಗ ರಕ್ತ ಕೊಟ್ಟದ್ದು ಕೂಸಪ್ಪ. ಕೊಟ್ಟು ಮನೆಗೆ ಹೋಗದೆ, ಆಸ್ಪತ್ರೆಯ ಬೆಂಚಿನಲ್ಲಿ ಎರಡು ದಿನ ಕೂತಿದ್ದ.

ಅಂಥವನು ಮುಖ ನೋಡದೆ ಹೋದ.

ಬೇರೆ ಕಾಲವಾಗಿದ್ದರೆ ಕುಂಞಿ ಏನೂ ಎಣಿಸುತ್ತಿರಲಿಲ್ಲ. ಆದರೆ ಈಚೆಗೆ ಊರಿನಲ್ಲಿ ಯಾರು ಯಾರ ಅಂಗಡಿಗೆ ಹೋಗುತ್ತಾರೆ, ಯಾರ ಬೈಕಿನ ಹಿಂದೆ ಯಾರು ಕೂತಿದ್ದಾರೆ ಎಂದು ನೋಡುವವರಿದ್ದರು. ಎಷ್ಟೋ ವರ್ಷ ಕುಂಞಿಯ ಅಂಗಡಿಯಿಂದಲೇ ಹಗ್ಗ ಕೊಂಡವರು ಈಗ ಸೇತುವೆ ದಾಟಿ ಬೇರೆ ಕಡೆ ಹೋಗುತ್ತಿದ್ದರು, ಎದುರು ಸಿಕ್ಕಿದರೆ ಫೋನು ನೋಡುತ್ತಿದ್ದರು. ಆ ರೀತಿ ಮುಖ ತಪ್ಪಿಸುವುದನ್ನು ಕುಂಞಿ ಚೆನ್ನಾಗಿ ಬಲ್ಲ.

ಡಿಸೆಂಬರಿನ ಮೊದಲ ಹಡಗಿಗೆ ಪಣಂಬೂರಿನಲ್ಲಿ ಇಬ್ಬರೂ ಭೇಟಿಯಾದರು. ಕೂಸಪ್ಪ ಮೊದಲಿನ ಹಾಗೇ ಮಾತಾಡಿದ. ಬಸ್ ನಿಲ್ದಾಣದ ವಿಷಯ ಎತ್ತಲಿಲ್ಲ, ಕುಂಞಿಯೂ ಕೇಳಲಿಲ್ಲ. ಹಡಗು ಅಲೆತಡೆಯ ಆಚೆ ಬಂದಾಗ ಕುಂಞಿ ಚಹಾದ ಗ್ಲಾಸು ಚಾಚಿದ. ಕೂಸಪ್ಪ ತೆಗೆದುಕೊಳ್ಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕುಂಞಿಯ ಬೆರಳು ಸುಡುವ ತನಕ ಗ್ಲಾಸು ಹಾಗೇ ಇತ್ತು. ಹೊರಡುವಾಗ ಕುಂಞಿ ಕೈಕುಲುಕಲು ಕೈ ನೀಡಿದ. ಕೂಸಪ್ಪ ಅದನ್ನೂ ಹಿಡಿಯಲಿಲ್ಲ.

"ಬೈನಾಕ್ಯುಲರ್ ತರಲಿಲ್ಲವಾ?" ಕುಂಞಿ ಕೇಳಿದ.

"ಅದು ಭಾರ. ಇನ್ನು ಅದೆಲ್ಲ ಸಾಕು," ಎಂದ ಕೂಸಪ್ಪ.

ಇನ್ನು ಸಾಕು ಎಂಬ ಮಾತನ್ನು ಕುಂಞಿ ಬಸ್ಸಿನಲ್ಲಿ ಕೂತು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

ತಿಂಗಳ ಕೊನೆಗೆ ಮಗಳು ಶಿಫಾನಾಳ ಮದುವೆ. ಸಂಜೆಯ ಊಟ. ಕೂಸಪ್ಪ ಬಂದ, ಒಂದು ಮೂಲೆಯಲ್ಲಿ ಕೂತ, ಯಾರ ಜತೆಗೂ ಬೆರೆಯಲಿಲ್ಲ. ಅವನಂಥವರಿಗೆ ಬೇಕಾಗುತ್ತದೆ ಎಂದು ಕುಂಞಿ ಬೇರೆಯೇ ಸಸ್ಯಾಹಾರಿ ಅಡುಗೆ ಮಾಡಿಸಿದ್ದ. ಕತ್ತಲಾಗುವ ಮೊದಲೇ ಕೂಸಪ್ಪ ಎದ್ದ. "ಕಡೇ ಬಸ್ಸು ತಪ್ತದೆ," ಎಂದ. ಕಡೇ ಬಸ್ಸಿಗೆ ಎರಡು ಗಂಟೆ ಇತ್ತು. ಊಟ ಮಾಡದೆ ಹೋದ.

"ಉಪ್ಪ, ನಿಮಗೆ ಇನ್ನೂ ಅರ್ಥ ಆಗಲಿಲ್ಲವಾ?" ಎಂದ ಮಗ ಮುನವ್ವರ್. ಅವನಿಗೆ ಮೆಲ್ಕಾರಿನಲ್ಲಿ ಮೊಬೈಲ್ ಅಂಗಡಿ. "ನಮ್ಮ ಮನೆಯಲ್ಲಿ ಉಂಡದ್ದು ಗೊತ್ತಾದರೆ ಅವರ ಕಡೆ ಕೇಳುವವರಿದ್ದಾರೆ. ಬಂದು ಹೋದದ್ದೇ ದೊಡ್ಡದು."

"ಅವನು ಅಂಥವನಲ್ಲ."

"ಅಂಥವರಲ್ಲದವರೇ ಈಗ ಹೆದರುವುದು."

ಜನವರಿಯಲ್ಲಿ ಮುನವ್ವರ್ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಯಾರೋ ಯಾರಿಗೋ ಕಳಿಸಿ ಬಂದದ್ದು. ವೇಣೂರು ಕಡೆಯ ಯಾವುದೋ ಸಭೆ, ವೇದಿಕೆಯಲ್ಲಿ ಭಾಷಣ ಮಾಡುತ್ತಿದ್ದವನ ಹೆಸರು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ, ಒಳ್ಳೆಯ ಕಾರಣಕ್ಕಲ್ಲ. ಎದುರಿನ ಸಾಲಿನಲ್ಲಿ, ಬಿಳಿ ಶರ್ಟು ಹಾಕಿ ಕೂತವನು ಕೂಸಪ್ಪ. ಕುಂಞಿ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಮುಖ ತಪ್ಪಾಗುವಂತಿರಲಿಲ್ಲ. ಆ ದಿನ ಅಂಗಡಿಯಲ್ಲಿ ಹಗ್ಗ ಅಳೆಯುವಾಗ ಎರಡು ಸಲ ಲೆಕ್ಕ ತಪ್ಪಿತು.

ಆಮೇಲೆ ಎಲ್ಲದಕ್ಕೂ ಒಂದೇ ಅರ್ಥ ಕಾಣತೊಡಗಿತು. ಕೂಸಪ್ಪ ಗುಂಪಿನಲ್ಲಿ ಬರೆಯುವುದು ಬಿಟ್ಟು ಧ್ವನಿ ಸಂದೇಶ ಕಳಿಸುತ್ತಿದ್ದ. ಬರೆದದ್ದು ಸಾಕ್ಷಿಯಾಗಿ ಉಳಿಯಬಾರದೆಂದು ಇರಬೇಕು. ಫೋಟೋ ಹಾಕುತ್ತಿರಲಿಲ್ಲ, ತನ್ನಂಥ ಬ್ಯಾರಿ ಮುಸಲ್ಮಾನನ ಜತೆ ಇದ್ದದ್ದು ಕಾಣಬಾರದೆಂದು. ಫೆಬ್ರವರಿಯ ಎರಡನೇ ವಾರ 'ಸೆಲೆಸ್ಟಾ' ಎಂಬ ದೊಡ್ಡ ಹಡಗು ಬರುವುದಿತ್ತು. ಹಿಂದಿನ ದಿನ ಕೂಸಪ್ಪನ ಧ್ವನಿ ಬಂತು: "ನಾಳೆ ನಾನು ಪಣಂಬೂರಿಗೆ ಬರುವುದಿಲ್ಲ. ಮೂಡುಬಿದಿರೆಯಲ್ಲಿ ಪದ್ಮಯ್ಯ ಮಾಸ್ಟ್ರ ಹತ್ತಿರ ಇರ್ತೇನೆ."

ನಾನಿಲ್ಲದ ಕಡೆ ಹೋಗುತ್ತಾನೆ ಎಂದುಕೊಂಡ ಕುಂಞಿ. ಯಾರ ಜತೆ ಬರುತ್ತಾನೆ ನೋಡಿಯೇ ಬಿಡುವ, ಆಮೇಲೆ ಈ ಸ್ನೇಹವನ್ನು ಇಲ್ಲಿಗೆ ನಿಲ್ಲಿಸುವ ಎಂದು ತೀರ್ಮಾನ ಮಾಡಿದ. ಪಣಂಬೂರಿಗೆ ಹೋಗದೆ ಬೆಳಿಗ್ಗೆ ಒಂಬತ್ತಕ್ಕೇ ಮೂಡುಬಿದಿರೆಯಲ್ಲಿ ಇಳಿದ. ಬಸದಿಯ ಎದುರು ಎಳನೀರು ಮಾರುವವನ ಗಾಡಿಯ ಹಿಂದೆ ಒಂದು ಸ್ಟೂಲು ಸಿಕ್ಕಿತು. ಕೂರುವ ಮೊದಲು ತಲೆಯ ಬಿಳಿ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡ. ಮಡಚಿ ಹಾಕುವಾಗ, ಈ ವಯಸ್ಸಿನಲ್ಲಿ ಇದೆಂತ ಮಾಡುತ್ತಿದ್ದೇನೆ ಅನ್ನಿಸಿತು. ಆದರೂ ಎದ್ದು ಹೋಗಲಿಲ್ಲ.

ಹತ್ತು ಗಂಟೆಗೆ ಪ್ರಯಾಣಿಕರ ಬಸ್ಸುಗಳು ಬಂದವು. ಟೋಪಿ, ಕೊಡೆ, ಕ್ಯಾಮರಾ ಹಿಡಿದ ಮುದುಕ ಮುದುಕಿಯರು ಒಬ್ಬೊಬ್ಬರಾಗಿ ಇಳಿದರು. ಪದ್ಮಯ್ಯ ಮಾಸ್ಟ್ರು ಬಾಗಿಲಿನ ಎಡಬದಿಯಲ್ಲಿ ನಿಂತು ಎಂದಿನಂತೆ ನಮಸ್ಕಾರ ಮಾಡಿ ಹಾಳೆ ಕೇಳುತ್ತಿದ್ದರು. ಹತ್ತೂವರೆಗೆ ಕೂಸಪ್ಪ ಬಂದ. ಒಬ್ಬನೇ ಬಂದ.

ಕುಂಞಿ ಸ್ಟೂಲು ಮುಂದಕ್ಕೆ ಎಳೆದುಕೊಂಡ. ಕೂಸಪ್ಪ ನಡೆಯುತ್ತಿದ್ದ ರೀತಿ ಬೇರೆಯಾಗಿತ್ತು. ತುಂಬ ನಿಧಾನ. ತಲೆ ಅಲುಗಿಸದೆ ಎದುರಿಗೇ ನೋಡಿಕೊಂಡು ನಾಲ್ಕು ಹೆಜ್ಜೆ, ನಿಂತು ಇಡೀ ಮುಖವನ್ನು ಎಡಕ್ಕೆ, ಬಲಕ್ಕೆ ತಿರುಗಿಸುವುದು, ಮತ್ತೆ ನಾಲ್ಕು ಹೆಜ್ಜೆ. ಯಾರನ್ನೋ ಹುಡುಕುತ್ತಿದ್ದಾನೆ, ಅಥವಾ ಯಾರಾದರೂ ನೋಡುತ್ತಿದ್ದಾರಾ ಎಂದು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡ ಕುಂಞಿ. ಬಾಗಿಲಿನ ಹತ್ತಿರ ಬಂದಾಗ ಪದ್ಮಯ್ಯ ಮಾಸ್ಟ್ರು ಅವನನ್ನು ಕಂಡು ನಕ್ಕರು. ಒಬ್ಬ ವಿದೇಶಿ ಹೆಂಗಸಿನ ಜತೆ ಮಾತಾಡುತ್ತಲೇ, ಒಂದು ಹಾಳೆಯನ್ನು ಅವನ ಕಡೆ ಚಾಚಿದರು.

ಕೂಸಪ್ಪ ಹಾಳೆಯ ಪಕ್ಕದಿಂದ ದಾಟಿ ಹೋದ.

ಮಾಸ್ಟ್ರ ಕೈ ಚಾಚಿದಲ್ಲೇ ಉಳಿಯಿತು. ಅವರ ಮುಖದಲ್ಲಿ ನಗು ಅರ್ಧಕ್ಕೆ ನಿಂತದ್ದನ್ನು ಕುಂಞಿ ರಸ್ತೆಯ ಈಚೆಯಿಂದ ನೋಡಿದ. ಪದ್ಮಯ್ಯ ಬ್ಯಾರಿಯಲ್ಲ. ಅವರಿಂದ ಮುಖ ತಪ್ಪಿಸುವ ಕಾರಣ ಕೂಸಪ್ಪನಿಗೆ ಯಾವುದೂ ಇಲ್ಲ. ಅವರಿಗೋಸ್ಕರವೇ ಬಂದವನು ಅವನು.

ಒಳಗಿನ ಮೆಟ್ಟಿಲಿನ ಹತ್ತಿರ ಕೂಸಪ್ಪ ನಿಂತ. ಕಾಲಿನ ತುದಿಯಿಂದ ಮೆಟ್ಟಿಲಿನ ಅಂಚು ಎಲ್ಲಿದೆ ಎಂದು ತಡಕಿದ. ಎಂಬತ್ತು ದಾಟಿದ ಒಬ್ಬ ವಿದೇಶಿ ಮುದುಕ ಕೋಲು ಊರಿಕೊಂಡು ಅವನನ್ನು ಸುತ್ತಿ ಮೇಲೆ ಹತ್ತಿ ಹೋದ.

ಕುಂಞಿ ರಸ್ತೆ ದಾಟಿದ. ಬಾಗಿಲು ದಾಟಿ ಹೋಗಿ ಕೂಸಪ್ಪನ ಎಡಗಡೆ, ಒಂದು ಕೈ ದೂರದಲ್ಲಿ, ಉಸಿರು ಹಿಡಿದು ನಿಂತ. ಕೂಸಪ್ಪ ತಿರುಗಲಿಲ್ಲ. ಕುಂಞಿ ಕೈಕುಲುಕುವವನಂತೆ ಕೈ ನೀಡಿದ. ಕೈ ಅಷ್ಟು ಹತ್ತಿರವಿದ್ದರೂ ಕೂಸಪ್ಪ ಎದುರಿನ ಕಂಬಗಳನ್ನೇ ನೋಡುತ್ತಿದ್ದ. ಕುಂಞಿ ಕೆಮ್ಮಿದ.

"ಯಾರು?" ಕೂಸಪ್ಪ ಬೆಚ್ಚಿದ. ಇಡೀ ಮುಖ ತಿರುಗಿಸಿದ, ಕಣ್ಣು ಕುಂಞಿಯ ಭುಜ ದಾಟಿ ಹೋಗಿ, ಹಿಂದೆ ಬಂದು, ಮುಖ ಸಿಕ್ಕಿದ ಮೇಲೆ ನಿಂತಿತು. "ಓ, ಕುಂಞಿಚ್ಚ. ನೀವು ಪಣಂಬೂರಿಗೆ ಹೋಗಲಿಲ್ಲವಾ?" ಅವನ ಮುಖದಲ್ಲಿ ಸಂತೋಷ ಬಿಟ್ಟರೆ ಬೇರೇನೂ ಇರಲಿಲ್ಲ.

"ನಿನಗೆ ಕಣ್ಣು ಕಾಣುವುದಿಲ್ಲ," ಎಂದ ಕುಂಞಿ.

ಕೂಸಪ್ಪ ಸುತ್ತ ಮುಖ ತಿರುಗಿಸಿದ. "ಸಣ್ಣಕ್ಕೆ ಹೇಳಿ," ಎಂದ.

ಬಸದಿ ರಸ್ತೆಯ ಹೋಟೆಲಿನಲ್ಲಿ ಇಬ್ಬರೂ ಕೂತರು. ಕೂಸಪ್ಪ ಚಹಾದ ಗ್ಲಾಸನ್ನು ಎರಡೂ ಕೈಯಿಂದ ಹುಡುಕಿ ಹಿಡಿದುಕೊಂಡು ಮಾತಾಡಿದ.

"ಒಂದೂವರೆ ವರ್ಷ ಆಯ್ತು. ನೇರ ನೋಡಿದ್ದು ಕಾಣ್ತದೆ. ಬದಿಯದ್ದು ಇಲ್ಲ, ಕೆಳಗಿನದ್ದೂ ಇಲ್ಲ. ಪೈಪಿನೊಳಗಿಂದ ನೋಡಿದ ಹಾಗೆ. ಕತ್ತಲಾದರೆ ಅದೂ ಇಲ್ಲ. ಮೊದಲು ಗೊತ್ತಾದ್ದು ರಬ್ಬರ್ ಟ್ಯಾಪಿಂಗ್ ಮಾಡುವಾಗ, ಕತ್ತಿ ಕೈಗೆ ತಾಗಿತು. ಬೆಳ್ತಂಗಡಿಯ ಕನ್ನಡಕದ ಅಂಗಡಿಯವನು ದೊಡ್ಡ ಆಸ್ಪತ್ರೆಗೆ ಹೋಗಿ ಅಂದ."

"ಹೋದೆಯಾ?"

"ಇಲ್ಲ. ಹೋದರೆ ಅದು ಹೌದು ಅಂತ ಆಗ್ತದಲ್ಲ. ಮನೆಯಲ್ಲಿ ಹೆಂಡತಿಗೂ ಹೇಳಲಿಲ್ಲ. ಗೊತ್ತಾದರೆ ಅಂಗಳ ಇಳಿಯಲಿಕ್ಕೆ ಬಿಡುವುದಿಲ್ಲ ಅವಳು. ನಿಮಗೆ ಹೇಳುವ ಎಂದು ಎಷ್ಟು ಸಲ ಎಣಿಸಿದೆ. ಕಣ್ಣು ಕಾಣದವನನ್ನು ಹಡಗು ನೋಡಲಿಕ್ಕೆ ಯಾರು ಕರೀತಾರೆ ಮಾರಾಯ್ರೆ?"

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೂರು ತಿಂಗಳು ಎದೆಯಲ್ಲಿ ಹೊತ್ತದ್ದನ್ನು ಮುಚ್ಚಿಟ್ಟು ಅವನ ಎದುರು ಚಹಾ ಕುಡಿಯಲು ಕುಂಞಿಗೆ ಆಗಲಿಲ್ಲ.

"ನಾನು ಬೇರೆ ಎಣಿಸಿದ್ದೆ, ಕೂಸಪ್ಪ. ನಿನ್ನ ಕಡೆಯವರು ನಿನ್ನ ಹತ್ತಿರ ಏನೋ ಹೇಳಿದ್ದಾರೆ, ನಮ್ಮ ಸಹವಾಸ ಬೇಡ ಅಂತ. ಬಿ.ಸಿ. ರೋಡಿನಲ್ಲಿ ನೀನು ನನ್ನ ಪಕ್ಕದಿಂದಲೇ ಹೋದೆ. ಮದುವೆಯಲ್ಲಿ ಉಣ್ಣಲಿಲ್ಲ. ಆ ಸಭೆಯ ಫೋಟೋ ನೋಡಿದೆ. ಇವತ್ತು ನೀನು ಯಾರ ಜತೆ ಬರ್ತೀಯ ಅಂತ ನೋಡಲಿಕ್ಕೇ ಬಂದದ್ದು."

ಕೂಸಪ್ಪ ಗ್ಲಾಸನ್ನು ಮೇಜಿನ ಮೇಲೆ ತಡವಿ ಇಟ್ಟ.

"ಹೇಳಿದ್ದು ಹೌದು," ಎಂದ. "ಕೃಷಿ ಸೊಸೈಟಿಯ ಮೀಟಿಂಗ್ ಅಂತ ಕರೆದು ಎದುರಿನಲ್ಲಿ ಕೂರಿಸಿದರು. ಆಮೇಲೆ ನಿಮ್ಮ ಹೆಸರು ಹಿಡಿದೇ ಕೇಳಿದರು, ಬ್ಯಾರಿಯ ಜತೆ ಬೀಚಿನಲ್ಲಿ ಎಂತ ಕೆಲಸ ಅಂತ. ಹಡಗು ನೋಡುವುದು ಅಂದೆ. ನಕ್ಕರು. ನಾನು ಎದ್ದು ಬಂದೆ. ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ."

ಕುಂಞಿ ತಲೆ ತಗ್ಗಿಸಿದ.

"ಬಿ.ಸಿ. ರೋಡಿನಲ್ಲಿ ನೀವು ಯಾಕೆ ಕರೀಲಿಲ್ಲ? ಒಂದು ಸಲ ನನ್ನ ಹೆಸರು ಹೇಳಿದ್ದರೆ ಆಗ್ತಿತ್ತು."

ಕೂಸಪ್ಪ ಎದ್ದ. ಕೈ ಹಿಡಿಯಲು ಹೋದ ಕುಂಞಿಯನ್ನು, "ಬೇಡ, ದಾರಿ ಗೊತ್ತುಂಟು," ಎಂದು ತಡೆದು, ಮೇಜಿನ ಅಂಚು ಸವರಿಕೊಂಡು ಹೊರಗೆ ಹೋದ. ಹಡಗಿನ ಪ್ರಯಾಣಿಕರ ಬಸ್ಸುಗಳು ಅದೇ ಹೊತ್ತಿಗೆ ಹೊರಡುತ್ತಿದ್ದವು.

ಎರಡು ವಾರ ಅವನ ಸುದ್ದಿಯಿಲ್ಲ. ಫೋನು ತೆಗೆಯಲಿಲ್ಲ. ಗುಂಪಿನಲ್ಲಿ ಧ್ವನಿಯೂ ಬರಲಿಲ್ಲ. ಈಗ ಕುಂಞಿಗೆ ಹೊಸ ಸಂಶಯ ಹಿಡಿಯಿತು, ಈ ಸಲ ತನ್ನ ಮೇಲೆಯೇ. ಒಂಬತ್ತು ವರ್ಷ ಪಕ್ಕದಲ್ಲಿ ಕೂತವನ ಕಣ್ಣು ಹೋಗುತ್ತಿರುವುದು ಕಾಣದೆ, ಅವನ ಜಾತಿ ಮಾತ್ರ ತನಗೆ ಕಂಡದ್ದು ಹೇಗೆ? ಯಾರು ಕುರುಡರು ಎಂದು ರಹ್ಮತ್ ಒಮ್ಮೆ ಕೇಳಿಯೇಬಿಟ್ಟಳು. ಮುನವ್ವರ್ ಎಲ್ಲ ಕೇಳಿಸಿಕೊಂಡು ಅಂಗಡಿಗೆ ಹೋಗಿದ್ದ. ಸಂಜೆ ಬಂದು, "ಆ ಫೋಟೋ ತೋರಿಸಿದ್ದು ನಾನಲ್ಲವಾ," ಎಂದ. "ಮಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ಮಾಡಿದ್ದೇನೆ. ಕಾರು ನಾನು ಬಿಡ್ತೇನೆ. ನೀವು ಅವರನ್ನು ಒಪ್ಪಿಸಿ."

ಸೋಮವಾರ ಬೆಳಿಗ್ಗೆ ಏಳಕ್ಕೆ ವೇಣೂರಿನ ಒಳದಾರಿಯಲ್ಲಿ ಕಾರು ನಿಂತಿತು. ದಾರಿಯಲ್ಲಿ ಪದ್ಮಯ್ಯ ಮಾಸ್ಟ್ರೂ ಹತ್ತಿದ್ದರು. ಕೂಸಪ್ಪನ ಹೆಂಡತಿ ಸೇಸಮ್ಮ ಚಾವಡಿಗೆ ಬೆಲ್ಲ, ನೀರು ತಂದಿಟ್ಟಳು. ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಇಷ್ಟು ಬೆಳಿಗ್ಗೆ ಎಂತ ವಿಷಯ? ಇವತ್ತು ಹಡಗು ಉಂಟಾ?"

ಕುಂಞಿ ಕೂಸಪ್ಪನನ್ನು ನೋಡಿದ. ಆ ಮಾತು ಹೇಳುವುದು ತನ್ನ ಕೆಲಸವಲ್ಲ ಎಂದು ಅವನಿಗೆ ಗೊತ್ತಿತ್ತು. ಮಾಸ್ಟ್ರು ಬೆಲ್ಲ ಕಚ್ಚಿ ನೀರು ಕುಡಿದರು. ಮುನವ್ವರ್ ಅಂಗಳದಲ್ಲಿ ಚಪ್ಪಲಿಯಿಂದ ಮಣ್ಣು ಕೆದಕುತ್ತಾ ನಿಂತ. ಕೂಸಪ್ಪ ಕಂಬಕ್ಕೆ ಒರಗಿ ಕೂತವನು ಏಳಲಿಲ್ಲ.

"ಯಾರು ಹೇಳಿ ಕಳಿಸಿದ್ದು ನಿಮ್ಮನ್ನು?" ಎಂದ.

"ಯಾರೂ ಇಲ್ಲ. ನೀನು ಬರುವುದಿಲ್ಲ ಅಂದರೆ ಸಂಜೆ ತನಕ ಇಲ್ಲೇ ಕೂರ್ತೇನೆ. ನಾಳೆ ಮತ್ತೆ ಬರ್ತೇನೆ," ಎಂದ ಕುಂಞಿ.

"ಕೆಲಸ ಇಲ್ಲವಾ ನಿಮಗೆ?"

"ಹಡಗು ನೋಡುವವರಿಗೆ ಎಂತ ಕೆಲಸ?"

ಕೂಸಪ್ಪ ನಗಲಿಲ್ಲ. ಹೆಂಡತಿಯ ಧ್ವನಿ ಬಂದ ಕಡೆ ಮುಖ ತಿರುಗಿಸಿ, "ಬಿಳಿ ಶರ್ಟು ತೆಗೆದುಕೊಡು. ಕಣ್ಣು ತೋರಿಸಲಿಕ್ಕೆ ಹೋಗ್ತೇನೆ," ಎಂದ.

ಸೇಸಮ್ಮ ಒಳಗೆ ಹೋದವಳು ಬೇಗ ಹೊರಗೆ ಬರಲಿಲ್ಲ. ಬಂದಾಗ ಅವಳೂ ಸೀರೆ ಬದಲಾಯಿಸಿದ್ದಳು. "ನನಗೆ ಒಂದು ವರ್ಷದಿಂದ ಸಂಶಯ ಇತ್ತು," ಎಂದಳು. "ಅನ್ನದ ಬಟ್ಟಲಿನ ಹೊರಗೆ ಸಾರು ಬೀಳ್ತಿತ್ತು. ಕೇಳಿದರೆ ಗದರಿಸ್ತಾರೆ ಅಂತ ಸುಮ್ಮನಿದ್ದೆ." ಐದು ಜನವೂ ಕಾರಿನಲ್ಲಿ ಹೋದರು.

ಕಣ್ಣಿನ ಒಳಗಿನ ಒತ್ತಡ ಏರಿ ನರ ಸತ್ತಿದೆ, ಹೋದದ್ದು ಇನ್ನು ಬರುವುದಿಲ್ಲ ಎಂದರು ಡಾಕ್ಟರ್. ನಡುವಯಸ್ಸಿನ ಹೆಂಗಸು, ಸುತ್ತಿ ಬಳಸಿ ಹೇಳಲಿಲ್ಲ. ಎರಡೂ ಕಣ್ಣಿನ ಪರೀಕ್ಷೆಯ ಕಾಗದ ತೋರಿಸಿದರು. ಕಪ್ಪು ಮಸಿಯ ನಡುವೆ ಬಿಳಿ ತುಂಡು, ಒಂದು ಅಡಿಕೆಯಷ್ಟು; ಈಗ ಕಾಣುವುದು ಅಷ್ಟೇ. "ಇದನ್ನು ಉಳಿಸಬಹುದು. ಕಣ್ಣಿಗೆ ಮದ್ದು ದಿನಕ್ಕೆ ಎರಡು ಸಲ ಬಿಡಬೇಕು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಒಂದು ದಿನವೂ ತಪ್ಪಬಾರದು." ಒಂದೂವರೆ ವರ್ಷ ಮೊದಲೇ ಬಂದಿದ್ದರೆ ಎಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಅವತ್ತಿನಿಂದ ಬೆಳಿಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಕೂಸಪ್ಪನ ಫೋನು ಹೊಡೆಯತೊಡಗಿತು. ಮೊದಲ ದಿನ, "ಕಣ್ಣಿಗೆ ಮದ್ದು ಬಿಟ್ಟೆಯಾ?" ಎಂದು ಕುಂಞಿ ಕೇಳಿದ್ದಕ್ಕೆ, "ನಾನೆಂತ ಸಣ್ಣ ಮಗುವಾ?" ಎಂದು ಕೂಸಪ್ಪ ಫೋನು ಇಟ್ಟುಬಿಟ್ಟ. ಮರುದಿನದಿಂದ ಕುಂಞಿ ಮದ್ದಿನ ಹೆಸರೆತ್ತಲಿಲ್ಲ. "ಸೆಲೆಸ್ಟಾ ಇವತ್ತು ಒಮಾನಿನ ಸಲಾಲ ಬಂದರಿನಲ್ಲಿ ಉಂಟು," ಎನ್ನುತ್ತಿದ್ದ. "ರಾತ್ರಿ ಹೊರಡ್ತದೆ." ಕೂಸಪ್ಪ, "ಗಾಳಿ ಹೇಗಂತೆ?" ಎಂದು ಕೇಳುತ್ತಿದ್ದ. ಒಂದು ಕೈಯಲ್ಲಿ ಮದ್ದಿನ ಬಾಟಲಿ ಹಿಡಿದುಕೊಂಡೇ ಕೇಳುತ್ತಾರೆ ಎಂದು ಸೇಸಮ್ಮ ಆಮೇಲೆ ಹೇಳಿದಳು. ಕುಂಞಿಗೆ ಆಗದ ದಿನ ಪದ್ಮಯ್ಯ ಮಾಸ್ಟ್ರು ಮಾಡುತ್ತಿದ್ದರು. ವಿಟ್ಲದವನೊಬ್ಬ ವಾರಕ್ಕೊಮ್ಮೆ ತನ್ನ ಪಾಳಿ ಎಂದು ತಾನೇ ಹೇಳಿಕೊಂಡ.

ಎಲ್ಲವೂ ಮೊದಲಿನಂತೆ ಆಯಿತು ಎನ್ನುವ ಹಾಗಿಲ್ಲ. ಮಾತಿನ ನಡುವೆ ಕೂಸಪ್ಪ ಕೆಲವೊಮ್ಮೆ ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದ. ಆಗ ಕುಂಞಿಯೂ ನಿಲ್ಲುತ್ತಿದ್ದ, ಏಕೆಂದು ಕೇಳುತ್ತಿರಲಿಲ್ಲ. ವೇಣೂರಿನ ಕೆಲವರು ಈಗಲೂ ಕೂಸಪ್ಪನನ್ನು ಕಂಡರೆ ಏನೋ ಅನ್ನುತ್ತಿದ್ದರು. ಬದಿಯಿಂದ ಅಂದದ್ದು ತನಗೆ ಕಾಣುವುದಿಲ್ಲವಲ್ಲ ಎಂದು ಅವನು ಹೇಳಿದ್ದನ್ನು ಮಾಸ್ಟ್ರು ಕುಂಞಿಗೆ ಹೇಳಿದರು.

ಎಪ್ರಿಲಿನಲ್ಲಿ ಆ ವರ್ಷದ ಕೊನೆಯ ಹಡಗು ಬಂತು. ಮುನವ್ವರ್‌ನ ಕಾರಿನಲ್ಲಿ ಕುಂಞಿ, ಕೂಸಪ್ಪ, ಮಾಸ್ಟ್ರು ಪಣಂಬೂರಿಗೆ ಹೋದರು. ಈ ಸಲ ಸೇಸಮ್ಮನೂ ಬಂದಳು, ಗಂಡನ ಕೈ ಹಿಡಿಯಲು ಎಂದು ನೆವ. ಅವಳು ಸಮುದ್ರದಲ್ಲಿ ಹಡಗು ನೋಡಿದ್ದು ಅದೇ ಮೊದಲು. ಕೂಸಪ್ಪನ ಗಲ್ಲ ಹಿಡಿದು ಕುಂಞಿ ಅವನ ಮುಖವನ್ನು ಸರಿಯಾದ ಕಡೆ ತಿರುಗಿಸಿದ. ಆ ಸಣ್ಣ ಬಿಳಿ ತುಂಡಿನೊಳಗೆ ಹಡಗು ಸಿಕ್ಕಿದಾಗ ಕೂಸಪ್ಪ ಕುಂಞಿಯ ಮಣಿಕಟ್ಟನ್ನು ಹಿಡಿದುಕೊಂಡ, ಬಿಡಲಿಲ್ಲ.

"ಚಿಮಣಿ ಯಾವ ಬಣ್ಣ?" ಎಂದ.

"ನೀಲಿ. ಅದರಲ್ಲಿ ಹಳದಿ ಪಟ್ಟೆ."

"ಹಳದಿ ಅಲ್ಲ, ಅದು ಚಿನ್ನದ ಬಣ್ಣ ಇರಬೇಕು. ಸರಿ ನೋಡಿ ಹೇಳಿ."

ಸೇಸಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಹಡಗನ್ನು ಬುಡದಿಂದ ತುದಿಯವರೆಗೆ ನೋಡುತ್ತಿದ್ದಳು. "ಇದರಲ್ಲಿ ಎಷ್ಟು ಜನ ಇರ್ತಾರೆ?" ಎಂದು ಕೇಳಿದಳು.

"ಮೂರು ಸಾವಿರ," ಎಂದರು ಮಾಸ್ಟ್ರು.

"ಮೂರು ಸಾವಿರ ಜನರ ಬಟ್ಟೆ ಎಲ್ಲಿ ಒಣಗಿಸುವುದು? ಒಂದು ಹಗ್ಗವೂ ಕಾಣುವುದಿಲ್ಲ."

ಮಾಸ್ಟ್ರಿಗೆ ಗೊತ್ತಿರಲಿಲ್ಲ. ಕುಂಞಿ ಅಡುಗೆಮನೆಯ ಬಾಗಿಲಿನ ತನಕ ಮಾತ್ರ ಹೋದವನು. ಕೆಳಗೆ ಯಂತ್ರದಲ್ಲಿ ಒಣಗಿಸುತ್ತಾರೆ ಎಂದು ಕೂಸಪ್ಪ ಹೇಳಿದ, ಅಷ್ಟು ಯಂತ್ರಕ್ಕೆ ಜಾಗ ಎಲ್ಲಿದೆ ಎಂದು ಅವಳು ಕೇಳಿದಳು, ಅದಕ್ಕೆ ಕುಂಞಿ ಮತ್ತು ಕೂಸಪ್ಪ ಇಬ್ಬರೂ ಒಟ್ಟಿಗೆ ಉತ್ತರ ಹೇಳಲು ಹೋಗಿ, ಯಾವ ಅಂತಸ್ತಿನಲ್ಲಿ ಎಂಬ ಬಗ್ಗೆ ಜಗಳಕ್ಕೆ ಬಿದ್ದರು.